ರೊಟ್ಟಿ ವ್ಯಾಪಾರ ಜೋರೈತಿ, ಆದ್ರ ಜೋಳದ ಬಾಕಿ ತೀರವಲ್ತು. ಸಾಲ ತಗೊಳ್ಳಲಾ?

ರೊಟ್ಟಿ ಅಕ್ಕ, ಧಾರವಾಡ:

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಾಗ ಖಡಕ್ ರೊಟ್ಟಿ ಮಾಡಿ ಮಾರ್ತೀನಿ. ಐದು ವರ್ಷ ಆತು. ಶುರು ಮಾಡಿದಾಗ ನಾನೊಬ್ಬಾಕಿನ, ದಿನಕ್ಕ 80 ರೊಟ್ಟಿ. ಈಗ ಐದು ಮಂದಿ ಹೆಣ್ಣಮಕ್ಕಳು ಕೆಲಸಕ್ಕ ಬರ್ತಾರ, ದಿನಕ್ಕ 700 ರೊಟ್ಟಿ ಬಡೀತೀವಿ. ನೋಡಿದಾವ್ರು ಎಲ್ಲಾರೂ "ನಿನಗೇನವಾ, ಛಲೋ ನಡದೈತಿ" ಅಂತಾರ. ನಡದೈತಿ ಖರೆ, ಆದ್ರ ತಿಂಗಳ ಕೊನೀಗೆ ಗಲ್ಲಾ ತೆಗದ್ರ ಜೋಳದವ್ರಿಗೆ ಕೊಡಾಕ ರೊಕ್ಕ ಇರೂದಿಲ್ಲ. 80 ರೊಟ್ಟಿ ಮಾಡ್ತಿದ್ದಾಗ ಇದ್ದ ನೆಮ್ಮದಿ ಈಗಿಲ್ಲ.

ಲೆಕ್ಕ ಪೂರಾ ಬರೀತೀನಿ, ದಯಮಾಡಿ ಓದ್ರಿ. 700ರಾಗ 300 ರೊಟ್ಟಿ ಅಂಗಡ್ಯಾಗ ಮಾರ್ತಾವು, ಒಂದಕ್ಕ 9 ರೂಪಾಯಿ, ಕೈಯಾಗ ರೊಕ್ಕ ಇಲ್ಲಾ ಯುಪಿಐ. 250 ಒಂದು ಹಾಸ್ಟೆಲ್ ಮೆಸ್ಸಿಗೆ ಹೋಗ್ತಾವು, 150 ಒಂದು ಖಾನಾವಳಿಗೆ. ಅವ್ರಿಬ್ಬರಿಗೂ ಒಂದಕ್ಕ 6 ರೂಪಾಯಿ 50 ಪೈಸೆ. ಈ ರೇಟ್ ಮೂರು ವರ್ಷದ ಹಿಂದ ಮಾತಾಡಿದ್ದು. ಖಾನಾವಳಿಯವ್ರು ವಾರಾ ವಾರಾ ಕೊಡ್ತಾರ. ಮೆಸ್ಸಿನವ್ರು ಎರಡೂವರಿ ತಿಂಗಳಿಂದ ಕೊಟ್ಟಿಲ್ಲ, ಅಲ್ಲೆ 1,05,000 ನಿಂತೈತಿ. ನಾ ಜೋಳ ತಗೊಳ್ಳೂ ಅಡತಿ ಅಂಗಡಿಗೆ ಕೊಡೂದು 62,000.

ಖರ್ಚು ಹಿಂಗೈತಿ. ಮಾಲ್ದಂಡಿ ಜೋಳ ಕಿಲೋಕ್ಕ 48, ಹಸನ ಮಾಡಿ ಬೀಸಿಸೂದಕ್ಕ 6. ಬಡಿಯೋ ಕೂಲಿ ರೊಟ್ಟಿಗೆ 1 ರೂಪಾಯಿ 75 ಪೈಸೆ. ದೊಡ್ಡ ಸಿಲಿಂಡರ್ 1,800, ನಾಲ್ಕು ದಿನ ಬರ್ತೈತಿ. ಕವರ್, ಹಾಳಿ, ದಾರ ಎಲ್ಲಾ ಸೇರಿ ರೊಟ್ಟಿಗೆ 30 ಪೈಸೆ. ಮೆಸ್ಸು, ಖಾನಾವಳಿಗೆ ಒಯ್ಯೋ ಆಟೋದಾಂವಗ ದಿನಕ್ಕ 150. ಖೋಲಿ ಬಾಡಿಗಿ, ಕರೆಂಟು ತಿಂಗಳಿಗೆ 6,500. ಐತವಾರ ರಜಾ, ಅಂದ್ರ ತಿಂಗಳಿಗೆ 26 ದಿನ ಕೆಲಸ. ಮನಿ ಖರ್ಚು ಎಷ್ಟಾಕ್ಕೈತಿ ಅಂತ ನಾ ಬರದಿಟ್ಟಿಲ್ಲ. ಹಾಲು, ಕಿರಾಣಿ, ಮಗಳ ಕಾಲೇಜ್ ಫೀ ಎಲ್ಲಾ ಅದ ಗಲ್ಲಾದಿಂದ ತಗೀತೀನಿ.

ಈಗ ಒಬ್ಬ ಫೈನಾನ್ಸ್‌ನಾಂವ ಬಂದು ಕುಂತಾನ. 1 ಲಕ್ಷ ಸಾಲ, 10,000 ಮೊದಲ ಹಿಡಕೊಂಡು 90,000 ಕೈಗೆ ಕೊಡ್ತಾನಂತ. ದಿನಕ್ಕ 1,000ದಂಗ ನೂರು ದಿನ ಕಟ್ಟಬೇಕು. "ನೂರಕ್ಕ ಬರೇ ಹತ್ತು ಅಕ್ಕಾರ" ಅಂತಾನ. ಇಲ್ಲಂದ್ರ ಅವ್ವನ ಪಾಟ್ಲಿ ಅಡಾ ಇಡೂದು ಒಂದ ದಾರಿ. ಯಾವದು ಛಲೋ? ಇನ್ನೊಂದು ಅಂಜಿಕಿ, ಯುಪಿಐ ಮ್ಯಾಲ ಜಿಎಸ್‌ಟಿ ನೋಟಿಸ್ ಬರ್ತೈತಿ ಅಂತಾರಲ್ಲ, ನನಗೂ ಬರ್ತೈತೇನ್ರಿ? ಸ್ಕ್ಯಾನರ್ ತಗದಬಿಡಲಾ?

ಪಿಗ್ಮಿ ಕಾಕಾ, ಹುಬ್ಬಳ್ಳಿ:

ತಂಗೀ, ನಾ ಹುಬ್ಬಳ್ಳ್ಯಾಗ 31 ವರ್ಷ ಪಿಗ್ಮಿ, ಅಂದ್ರ ಬ್ಯಾಂಕಿಗೆ ದಿನಾ ಒಂದಿಷ್ಟು ಕಟ್ಟೂ ಉಳಿತಾಯದ ರೊಕ್ಕ, ವಸೂಲಿ ಮಾಡಿದಾಂವ. ದುರ್ಗದ ಬೈಲಿನಿಂದ ಹಿಡದು ಹಳೇ ಹುಬ್ಬಳ್ಳಿ ತನಕ ದಿನಾ ಸಂಜೀಕ 60-70 ಅಂಗಡಿ ತಿರಗ್ತಿದ್ದೆ. ನನಗ ಕಾಮರ್ಸ್ ಓದಿದ ಶಾಣ್ಯಾತನ ಇಲ್ಲ, ಆದ್ರ ಒಂದು ಮಾತು ನಾ ನೋಡಿ ಕಲ್ತೀನಿ. ಅಂಗಡಿ ಛಲೋ ನಡದಾಗ ಪಿಗ್ಮಿ ನೋಟು ಗಲ್ಲಾದಿಂದ ಬರ್ತಿತ್ತು, ಉದ್ದಕ್ಕ ಹಂಗ ಮಡಚಿಲ್ಲದ್ದು. ವ್ಯಾಪಾರ ಸಡಲಾದಾಗ ಅದ ಅಂಗಡಿಯಿಂದ ನಾಕ ಮಡಿಕಿ ಮಾಡಿದ ನೋಟು ಬರಾಕ ಹತ್ತತಿತ್ತು, ಮೂಲಿಗೆ ಅರಿಷಿಣ ಹತ್ತಿರ್ತಿತ್ತು. ಅಡಗಿ ಮನಿ ಡಬ್ಬಿ ಒಳಗಿಂದು. ಮನಿಯಾಕಿ ಜ್ವಾಪಾನ ಮಾಡಿಟ್ಟ ರೊಕ್ಕ ಅಂಗಡಿಗೆ ಹೊಂಟೈತಿ ಅಂತ ನನಗ ತಿಳೀತಿತ್ತು. ಅಂಥಾ ನೋಟು ಎರಡು ತಿಂಗಳು ಬಂದ ಮ್ಯಾಲ ಮೂರನೇ ತಿಂಗಳು "ನಾಳೆ ಬರ್ರಿ" ಅಂತಿದ್ರು. ನಿನ್ನ ಗಲ್ಲಾದಾಗ ಅರಿಷಿಣದ ನೋಟು ಮತ್ತ ಅಂಗಡಿ ನೋಟು ಒಂದ ಕಡೆ ಬಿದ್ದಾವು. ಅದಕ್ಕ ನಿನಗ ಯಾವದೂ ಕಾಣವಲ್ತು.

ಸಾಲದ ಮಾತು ಆಮ್ಯಾಲ. ಮೊದಲ ಒಂದು ರೊಟ್ಟಿ ಎಷ್ಟಕ್ಕ ಬೀಳ್ತೈತಿ ಅಂತ ಕೂಡಿಸೂಣು. ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಅಂತ ನೀ ಬರದಿಲ್ಲ, 18 ಅಂತ ಹಿಡೀತೀನಿ. ಹಿಟ್ಟಿಂದು 3 ರೂಪಾಯಿ. ಕೂಲಿ 1.75. ಗ್ಯಾಸ್ 65 ಪೈಸೆ. ಕವರ್ 30 ಪೈಸೆ. ಬಾಡಿಗಿ ಮತ್ತ ಕರೆಂಟು ತಿಂಗಳ 18,200 ರೊಟ್ಟಿಗೆ ಹಂಚಿದ್ರ 36 ಪೈಸೆ. ಖಡಕ್ ರೊಟ್ಟಿ ಅಂದ ಮ್ಯಾಲ ಮುರೀತಾವು, ಅದಕ್ಕ 20 ಪೈಸೆ ಇಡು. ಆತು 6 ರೂಪಾಯಿ 26 ಪೈಸೆ. ಮೆಸ್ಸು, ಖಾನಾವಳಿಗೆ ಹೋಗೂ ರೊಟ್ಟಿಗೆ ಆಟೋ ಖರ್ಚು 38 ಪೈಸೆ ಕೂಡತೈತಿ. ಅದು 6.64.

ಈಗ ನೋಡು. 6.64ಕ್ಕ ಬಿದ್ದ ರೊಟ್ಟಿ ನೀ 6.50ಕ್ಕ ಕೊಡಾಕತ್ತಿ. ದಿನಾ 400 ರೊಟ್ಟಿ, ಒಂದೊಂದಕ್ಕ 14 ಪೈಸೆ ಕೈಯಿಂದ ಹಾಕಿ. ಇದರಾಗ ನಿನ್ನ ಪಗಾರ ನಾ ಹಿಡದಿಲ್ಲ. ನಸಿಕಿನ್ಯಾಗ ಎದ್ದು ಹಿಟ್ಟು ನಾದಿ, ಸಂಜಿ ತನಕ ನಿಂತ ನಿನ್ನ ದುಡಿತಕ್ಕ ತಿಂಗಳಿಗೆ 12,000 ಅಂತ ಬರದ್ರೂ ರೊಟ್ಟಿಗೆ ಇನ್ನ 66 ಪೈಸೆ. ಅಲ್ಲಿಗೆ 7.30. ಮೆಸ್ಸಿನ ರೇಟು 7.50ಕ್ಕ ಕಡಿಮಿ ಇರಬಾರ್ದು. ಅಂಗಡ್ಯಾಗ ಮಾರೂ 300 ರೊಟ್ಟಿ ಇಡೀ ಸಂಸಾರ ಹೊತ್ಕೊಂಡು ನಿಂತಾವು: ಒಂದಕ್ಕ 2.74 ಉಳದ್ರ ತಿಂಗಳಿಗೆ 21,000 ಚಿಲ್ಲರ. ಹೋಲ್‌ಸೇಲ್‌ನಾಗ ಒಂದೂವರಿ ಸಾವಿರ ಕಳೀತೈತಿ. ಸುಮಾರು 20,000 ಉಳಿತಾಯ. ಎರಡೂವರಿ ತಿಂಗಳಿಂದ ಮೆಸ್ಸಿನ 42,000ದ ಬಿಲ್ಲು ಬಂದಿಲ್ಲಂದ್ರ ಆ 20,000 ಬರೇ ಹಾಳಿ ಮ್ಯಾಲ ಐತಿ.

ಇನ್ನ ಆ ಫೈನಾನ್ಸ್‌ನಾಂವ. ನೂರಕ್ಕ ಹತ್ತು ಅಂತಾನ, ಖರೆ ಅಲ್ಲ ಅದು. ನಿನ್ನ ಕೈಗೆ ಬರೂದು 90,000. ಮರುದಿನದಿಂದ ಅದು ಕರಗಾಕ ಹತ್ತತೈತಿ, ಐವತ್ತನೇ ದಿನಕ್ಕ ಅರ್ಧ ಅವನ ಕಡೆ ಹೋಗಿರ್ತೈತಿ. ಅಂದ್ರ ಸರಾಸರಿ 45-46 ಸಾವಿರ ನಿನ್ನ ಕಡೆ ಇರ್ತೈತಿ, ಅದಕ್ಕ ನೂರು ದಿನದ ಬಡ್ಡಿ 10,000. ವರ್ಷದ ಲೆಕ್ಕ ಹಾಕಿದ್ರ ನೂರಕ್ಕ 75ಕ್ಕೂ ಮ್ಯಾಲ. ಅವ ಐತವಾರನೂ ಬರ್ತಾನ, ತಿಂಗಳಿಗೆ 30,000. ನಿನಗ ಉಳಿಯೂದು 20,000. ಇನ್ನ ಹತ್ತು ಸಾವಿರ ಎಲ್ಲಿಂದ ತರ್ತಿ? ಇನ್ನೊಬ್ಬ ಫೈನಾನ್ಸ್‌ನಾಂವನ ಕಡಿಂದ. ಹಿಂಗ ಒಬ್ಬರ ಸಾಲ ತೀರ್ಸಾಕ ಇನ್ನೊಬ್ಬರ ಸಾಲ ಮಾಡಿ ಬಾಗಲಾ ಹಾಕಿದ ಮೂರು ಅಂಗಡಿ ನನ್ನ ಲೈನಿನ್ಯಾಗ ಇದ್ದವು. ಅದರಾಗ ಒಂದು ನನ್ನ ಸ್ವಂತ ಸಡ್ಡಕಂದು. ಅವಂಗ ಹೇಳಾಕ ನನಗ ಧೈರ್ಯ ಆಗಲಿಲ್ಲ, ಅದಕ್ಕ ನಿನಗ ಹೇಳಾಕತ್ತೀನಿ. ಅವ್ವನ ಪಾಟ್ಲಿನೂ ಬ್ಯಾಡ. ನಿನಗ ಬೇಕಾದ ಲಕ್ಷ ರೂಪಾಯಿ ಆ ಮೆಸ್ಸಿನ್ಯಾಗನ ಕುಂತೈತಿ. ಅಲ್ಲಿಗೆ ರೊಟ್ಟಿ ನಿಂದರ್ಸು, ರೊಕ್ಕ ಬರ್ತೈತಿ.

ಒಂದು ಪಿಗ್ಮಿ ಹಚ್ಚು. ನಮ್ಮ ಕಡೆ ಇದು ಹೊಸಾದಲ್ಲ. ಉಡುಪಿಯೊಳಗ ಟಿ.ಎಂ.ಎ. ಪೈ ಅವರ ಬ್ಯಾಂಕು, ಮುಂದ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಾಗ ಎರಡಾಣೆಯಿಂದ ಪಿಗ್ಮಿ ಚಾಲೂ ಮಾಡಿತ್ತು. ನೇಕಾರರು, ಸಣ್ಣ ಅಂಗಡಿಯವರು ದಿನಾ ಕೈಗೆ ಬಂದದ್ದರಾಗ ಒಂದಿಷ್ಟು ತಗದಿಡ್ಲಿ ಅಂತ. ಬಡ್ಡಿ ಭಾಳ ಸಿಗೂದಿಲ್ಲ, ಅದನ್ನ ನೋಡಬ್ಯಾಡ. ದಿನಕ್ಕ 300 ಹಾಕಿದ್ರ ವರ್ಷಕ್ಕ 93,600. ಹಿಂಗಾರಿ ಜೋಳ ಫೆಬ್ರುವರಿ, ಮಾರ್ಚಿನ್ಯಾಗ ಕಣಕ್ಕ ಬರ್ತೈತಿ, ಆವಾಗ ರೇಟು ಇಳದಿರ್ತೈತಿ. ಆ ರೊಕ್ಕಕ್ಕ ಎರಡು ತಿಂಗಳ ಜೋಳ ಒಮ್ಮೆಲೆ ತಗದಿಡಬಹುದು. ಉದ್ರಿ ಜೋಳಕ್ಕ ಅಡತಿಯಾಂವ ಹೇಳಿದ್ದ ರೇಟು. ರೊಕ್ಕ ಕೈಯಾಗ ಹಿಡಕೊಂಡು ಹೋದ್ರ ಚೀಲದೊಳಗ ಕೈ ಹಾಕಿ ಕಾಳು ನೋಡಿ ಮಾತಾಡಬಹುದು.

ಆದ್ರ ಮೊದಲ ಅಡಗಿ ಮನಿ ಡಬ್ಬಿ ಬ್ಯಾರೆ ಮಾಡು. ತಿಂಗಳಿಗೊಮ್ಮೆ ನಿನ್ನ ಪಗಾರ ತಗೋ. ನಡುವ ಹಾಲಿನಾಂವ ಬಂದ್ರೂ ಗಲ್ಲಾ ಮುಟ್ಟಬ್ಯಾಡ.

ಜಿಎಸ್‌ಟಿ ಪ್ರಾಕ್ಟೀಷನರ್, ತುಮಕೂರು:

ಅಕ್ಕ, ಸ್ಕ್ಯಾನರ್ ತೆಗೆಯಬೇಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬಹಳ ಜನ ಗಾಬರಿಯಿಂದ ಕ್ಯೂಆರ್ ಕೋಡ್ ಕಿತ್ತು ಹಾಕಿದರು. ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರ ತೊಂದರೆ ತೆರಿಗೆಯದ್ದಾಗಿರಲಿಲ್ಲ. ಅಣ್ಣ ಕಳಿಸಿದ ಕೈಸಾಲ, ಚೀಟಿ ದುಡ್ಡು, ಮನೆ ಬಾಡಿಗೆ, ಅಂಗಡಿ ವ್ಯಾಪಾರ ಎಲ್ಲವೂ ಒಂದೇ ಉಳಿತಾಯ ಖಾತೆಗೆ ಬಂದಿತ್ತು. ಯಾವುದು ಯಾವುದೆಂದು ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಕಾಕಾ ಹೇಳಿದ ಅರಿಶಿನದ ನೋಟು ಬ್ಯಾಂಕ್ ಖಾತೆಯಲ್ಲಿಯೂ ಇರುತ್ತದೆ. ಅಂಗಡಿಯ ಹೆಸರಿಗೆ ಕರೆಂಟ್ ಅಕೌಂಟ್ ತೆಗೆಸಿ, ಸ್ಕ್ಯಾನರ್ ಅದಕ್ಕೆ ಜೋಡಿಸಿ.

ನಿಮ್ಮ ಲೆಕ್ಕದ ಪ್ರಕಾರ ತಿಂಗಳ ವಹಿವಾಟು 1,37,800. ವರ್ಷಕ್ಕೆ 16.5 ಲಕ್ಷ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ. ಅದೂ ಅಲ್ಲದೆ 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಯ ಮೇಲೆ ತೆರಿಗೆಯೇ ಇಲ್ಲ. ನೆಮ್ಮದಿಯಾಗಿರಿ. ಆದರೆ ಜೋಳದ ಬಿಲ್, ಸಿಲಿಂಡರ್ ಬಿಲ್, ಕೂಲಿ ಕೊಟ್ಟ ಸಹಿ ಪುಸ್ತಕ ಇವನ್ನು ವರ್ಷವಾರು ಕಟ್ಟಿಡಿ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭದ ಪದ್ಧತಿ ಇದೆ: ನಗದು ವಹಿವಾಟಿಗೆ ನೂರಕ್ಕೆ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ನೂರಕ್ಕೆ 6. ನಿಮಗೆ ತೆರಿಗೆ ಬೀಳುವುದಿಲ್ಲ, ಆದರೂ ರಿಟರ್ನ್ ಸಲ್ಲಿಸಿ. ಮುಂದೆ ಬ್ಯಾಂಕಿಗೆ ಹೋದರೆ ಅವರು ಮೊದಲು ಕೇಳುವುದು ಅದನ್ನೇ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿ, ಇಲ್ಲದಿದ್ದರೆ ಇವತ್ತೇ ಮಾಡಿಸಿ, ಆಧಾರ್ ಮತ್ತು ಪ್ಯಾನ್ ಸಾಕು, ಒಂದು ರೂಪಾಯಿ ಶುಲ್ಕವಿಲ್ಲ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆ) ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಯಿಂದ ಸರಕು ತೆಗೆದುಕೊಂಡವರು, ಏನೇ ಒಪ್ಪಂದವಿದ್ದರೂ, 45 ದಿನದೊಳಗೆ ಹಣ ಕೊಡಬೇಕು. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ನೋಂದಣಿಯಾದ ಮೇಲೆ ಕೊಟ್ಟ ಸರಕಿಗೆ ಮಾತ್ರ ಈ ಬಲ ಎಂದು ತಿಳಿದುಕೊಂಡು ನಡೆಯಿರಿ. ಹಳೆಯ ಬಾಕಿಯನ್ನು ಮಾತಿನಿಂದಲೇ ವಸೂಲಿ ಮಾಡಬೇಕಾಗುತ್ತದೆ.

ಸಾಲ ಬೇಕೇ ಬೇಕಾದರೆ ಬ್ಯಾಂಕಿನ ಮುದ್ರಾ ಸಾಲ ಕೇಳಿ. 50,000ದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್. ಆದರೆ ರೇಟು ಸರಿಮಾಡದೆ ತಗೊಂಡರೆ ಆ ದುಡ್ಡೂ ಮೆಸ್ಸಿಗೇ ಹೋಗುತ್ತದೆ. ದಿನವಹಿ ಫೈನಾನ್ಸ್ ಕಡೆ ತಲೆ ಹಾಕಬೇಡಿ. ಮನೆ ಬಾಗಿಲಿಗೆ ಬಂದು ಕಿರುಕುಳ ಕೊಟ್ಟು ವಸೂಲಿ ಮಾಡುವುದನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಮೆಸ್ ನಡೆಸುವವನು, ದಾವಣಗೆರೆ:

ಕಾಕಾ ಅವರ ಲೆಕ್ಕ ನೂರಕ್ಕೆ ನೂರು ಸರಿ. ಆದರೆ ರೊಟ್ಟಿ ಒಮ್ಮೆಲೇ ನಿಲ್ಲಿಸಿ ಅಂದದ್ದು ನನಗೆ ಒಪ್ಪಿಗೆ ಇಲ್ಲ. ನಾನು ಬಾಕಿ ಇಡುವ ಕಡೆಯವನು, ಅದಕ್ಕೆ ಹೇಳ್ತೀನಿ.

ಹಾಸ್ಟೆಲ್ ಮೆಸ್ ಗುತ್ತಿಗೆದಾರನಿಗೆ ದುಡ್ಡು ದಿನಾ ಬರಲ್ಲ ಅಕ್ಕ. ಬಿಲ್ ಪಾಸ್ ಆದ ದಿನ ಒಟ್ಟಿಗೆ ಬರುತ್ತೆ. ಆವತ್ತು ಸಂಜೆ ನಮ್ಮ ಮುಂದೆ ಹತ್ತು ಜನ ನಿಂತಿರ್ತಾರೆ. ಹಾಲಿನವರಿಗೆ, ಗ್ಯಾಸಿನವರಿಗೆ ಮೊದಲು ಕೊಡ್ತೀವಿ, ಯಾಕಂದ್ರೆ ಅವರು ಬೆಳಿಗ್ಗೆ ಬರದಿದ್ರೆ ಒಲೆ ಹತ್ತಲ್ಲ. ತರಕಾರಿಯವನು ಕೂಗಾಡ್ತಾನೆ, ಅವನಿಗೂ ಕೊಡ್ತೀವಿ. ಸುಮ್ಮನೆ ನಗ್ತಾ ನಿಂತಿರೋ ಹೆಣ್ಣುಮಗಳಿಗೆ "ಮುಂದಿನ ವಾರ ನೋಡೋಣಮ್ಮ" ಅಂತೀವಿ. ಇದನ್ನ ನಾನೇ ಮಾಡಿದೀನಿ. ನಿಮ್ಮ ಬರಹ ಓದಿದ ಮೇಲೆ ನನಗೆ ಹಪ್ಪಳ ಕೊಡುವ ಅಮ್ಮನಿಗೆ ಬಾಕಿ ಎಷ್ಟಿದೆ ಅಂತ ಡೈರಿ ತೆಗೆದು ನೋಡಿದೆ. 7,800 ಇತ್ತು. ಆವತ್ತೇ ಕಳಿಸಿದೆ.

ಪೂರ್ತಿ ನಿಲ್ಲಿಸಿದ್ರೆ ಅವನು ಬೇರೆಯವರ ಹತ್ರ ರೊಟ್ಟಿ ತರ್ತಾನೆ, ನಿಮ್ಮ 1,05,000 ಕೇಳೋಕೆ ಕಾರಣವೇ ಉಳಿಯಲ್ಲ. 250 ಇದ್ದದ್ದನ್ನ 150 ಮಾಡಿ. "ಜೋಳ ಉದ್ರಿ ಸಿಗ್ತಿಲ್ಲ, ರೊಕ್ಕ ಬಂದಷ್ಟು ರೊಟ್ಟಿ" ಅಂತ ಶಾಂತವಾಗಿ ಹೇಳಿ. ಊಟದ ಹೊತ್ತಿಗೆ ರೊಟ್ಟಿ ಸಾಲದಿದ್ರೆ ಹುಡುಗರು ಗಲಾಟೆ ಮಾಡ್ತಾರೆ, ಅವನೇ ಫೋನ್ ಮಾಡ್ತಾನೆ. ಬಿಲ್ ಯಾವ ದಿನ ಪಾಸ್ ಆಗುತ್ತೆ ಅಂತ ಅಲ್ಲಿನ ಅಡುಗೆಯವರಿಗೆ ಗೊತ್ತಿರುತ್ತೆ. ಕೇಳಿಟ್ಟುಕೊಂಡು ಆವತ್ತು ಹೋಗಿ, ಕಾಸು ಖಾಲಿಯಾದ ಮೇಲೆ ಹೋದ್ರೆ ಸುತ್ತಾಟ ಅಷ್ಟೇ. ಮತ್ತೆ ದಿನಾ ಎಷ್ಟು ರೊಟ್ಟಿ ಇಳಿಸಿದ್ರಿ ಅಂತ ಒಂದು ಡೂಪ್ಲಿಕೇಟ್ ಬುಕ್ಕಿನಲ್ಲಿ ಬರೆದು ಅಲ್ಲೇ ಸಹಿ ಹಾಕಿಸಿ. 40 ರೂಪಾಯಿ ಬುಕ್ಕು. ಸಹಿ ಇಲ್ಲದ ಬಾಕಿ ಆರು ತಿಂಗಳಾದ ಮೇಲೆ "ಇಷ್ಟಿಲ್ಲ" ಅಂತ ಶುರುವಾಗುತ್ತೆ.

ಪಿಗ್ಮಿ ಕಾಕಾ, ಹುಬ್ಬಳ್ಳಿ:

ದಾವಣಗೆರಿ ಅಣ್ಣಾರ ಮಾತು ನಾ ಒಪ್ಪಿದೆ. ನಾ ಬರೇ ವಸೂಲಿ ಮಾಡಿದಾಂವ, ಬಾಕಿ ಇಟ್ಟಾವ್ರ ಮನಸ್ಸು ಅವ್ರಿಗೇ ಗೊತ್ತು. ತಂಗೀ, 250 ಇದ್ದದ್ದು 150 ಮಾಡು, ಪೂರಾ ನಿಂದರ್ಸಬ್ಯಾಡ. ಮತ್ತ ನಾ ಕೇಳಿದ್ದಕ್ಕ ಉತ್ತರಾ ಕೊಡು, ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ? ಅಂದಾಜು ಬ್ಯಾಡ, ತೂಗಿ ನೋಡು.

ರೊಟ್ಟಿ ಅಕ್ಕ, ಧಾರವಾಡ (ಮೂರು ವಾರದ ಮ್ಯಾಲ):

ಕಾಕಾ, ತೂಗಿದೆ. 10 ಕಿಲೋ ಹಿಟ್ಟು ಬ್ಯಾರೆ ಬುಟ್ಟ್ಯಾಗ ಇಟ್ಟು, ಅದು ತೀರೂ ತನಕ ನಾನ ಕುಂತು ಎಣಿಸಿದೆ. 169 ರೊಟ್ಟಿ. ನಾ 20 ಅಂತ ತಿಳಕೊಂಡಿದ್ದೆ, ನೀವು 18 ಅಂದ್ರಿ, ಖರೆ ನೋಡಿದ್ರ 17ಕ್ಕೂ ಒಂದು ಕೂದಲೆಳೆ ಕಡಿಮಿ. ಬಡಿಯೂವಾಗ ಕೆಳಗ ಉದರಸೋ ಹಿಟ್ಟು ನಾ ಯಾವತ್ತೂ ಲೆಕ್ಕಕ್ಕ ಹಿಡದಿದ್ದಿಲ್ಲ. ಹಿಟ್ಟಿಂದು 3 ರೂಪಾಯಿ 20 ಪೈಸೆ ಆತು. ಅಂದ್ರ ಹೋಲ್‌ಸೇಲ್ ರೊಟ್ಟಿ 6.84ಕ್ಕ ಬಿದ್ದು, ತಿಂಗಳಿಗೆ ಮೂರೂವರಿ ಸಾವಿರ ನಾ ಕೈಯಿಂದ ಹಾಕಿ ಮೆಸ್ಸು, ಖಾನಾವಳಿಗೆ ಉಣಸ್ತಿದ್ದೆ. ಆ ರಾತ್ರಿ ನನಗ ನಿದ್ದಿ ಬರಲಿಲ್ಲ. ಮೂರು ವರ್ಷ ಹಂಗ ಮಾಡೀನಿ ಅಂತ ಅಲ್ಲ, ಜೋಳ ಅಗ್ಗ ಇದ್ದಾಗ ಆ ರೇಟು ಬರೋಬ್ಬರಿ ಇತ್ತು. ಜೋಳ ಏರಿದಾಗ ನಾ ಕುಂತು ಕೂಡಿಸಲಿಲ್ಲ.

ಮಗಳು ಒಂದು 100 ಪುಟದ ನೋಟ್‌ಬುಕ್ ತಂದು ಕೊಟ್ಟಳು. 21 ದಿನ ಮನಿಗೆ ಏನೇನು ತಗದೆ ಅಂತ ಬರದೆ. 17,400. ತಿಂಗಳಿಗೆ ಹತ್ತಿರ ಹತ್ತಿರ 25,000 ಆತು. ಅಂಗಡ್ಯಾಗ ಅಷ್ಟು ಉಳೀತಾನ ಇಲ್ಲ, ನಾ ಅಷ್ಟು ತಗೀತಿದ್ದೆ. ನಡುವಿನ ತೂತು ಅಡತಿ ಅಂಗಡಿ ಬಾಕಿಯಾಗಿ ಬೆಳೀತಿತ್ತು. ನೀವು ಹೇಳಿದ 12,000ದಾಗ ಮನಿ ನಡಿಯೂದಿಲ್ಲ ಕಾಕಾ, ಅದಕ್ಕ 16,000 ಅಂತ ಇಟ್ಕೊಂಡೀನಿ. ಮಗಳ ಫೀ ಇನ್ನ ಮುಂದ ಯಜಮಾನ್ರ ಪಗಾರದಿಂದ. ಈ ಲೆಕ್ಕ ತೋರ್ಸಿದ ಮ್ಯಾಲ ಅವ್ರು ಒಂದು ಮಾತೂ ಆಡದ "ಹೂಂ" ಅಂದ್ರು.

ಖಾನಾವಳಿ ಕಾಕಾರಿಗೆ 7.50 ಅಂತ ಹೇಳಾಕ ಹೋದಾಗ ಕೈ ನಡಗ್ತಿತ್ತು. ಅವ್ರು ರೊಟ್ಟಿ ಮುರದು ಬಾಯಾಗ ಹಾಕ್ಕೊಂಡು, "ಒಂದು ವರ್ಷದಿಂದ ಕಾಯಾಕತ್ತೀನಿ, ನೀ ಯಾವಾಗ ಕೇಳ್ತಿ ಅಂತ" ಅಂದ್ರು. ಅಷ್ಟ. ಮರುವಾರದಿಂದ 7.50.

ಮೆಸ್ಸಿಗೆ 150 ಮಾಡಿದೆ. ಎರಡು ದಿನ ಏನೂ ಅನ್ನಲಿಲ್ಲ, ಮೂರನೇ ದಿನ ಫೋನು ಬಂತು. ದಾವಣಗೆರಿ ಅಣ್ಣಾರ, ನೀವು ಹೇಳಿದಂಗ ಅಡಗಿಯಾಕಿನ್ನ ಕೇಳಿ ಬಿಲ್ ಪಾಸ್ ಆದ ದಿನಾನ ಹೋದೆ. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಚೀಟಿ ಎಲ್ಲಾ ಮೇಜಿನ ಮ್ಯಾಲ ಇಟ್ಟು ನಿಂತೆ. 40,000 ಕೊಟ್ರು. ಉಳದ 65,000 ಎರಡು ಕಂತಿನ್ಯಾಗ ಅಂತ ಬರದು ಸಹಿ ಹಾಕ್ಯಾರ. ಹೊಸ ರೇಟು ಒಂದನೇ ತಾರೀಖಿನಿಂದ. ಉದ್ಯಮ್ ಸರ್ಟಿಫಿಕೇಟಿನ ಝೆರಾಕ್ಸ್ ಬಿಲ್ಲಿಗೆ ಹಚ್ಚಿ ಕೊಟ್ಟೀನಿ.

100 ರೊಟ್ಟಿ ಕಡಿಮಿ ಆದ್ರ ಹೆಣ್ಣಮಕ್ಕಳಿಗೆ ದಿನಕ್ಕ ಒಬ್ಬೊಬ್ಬರಿಗೆ 35 ರೂಪಾಯಿ ಕೂಲಿ ಕಡಿಮಿ ಆಕ್ಕೈತಿ ಅನ್ನೂದು ನನ್ನ ದೊಡ್ಡ ಸಂಕಟ ಆಗಿತ್ತು. ಅವ್ರ ಮನ್ಯಾಗ 35 ರೂಪಾಯಿ ಅಂದ್ರ ಒಂದು ಹೊತ್ತಿನ ಕಾಯಿಪಲ್ಲೆ. ಅವ್ರನ್ನ ಕೂಡಿಸಿ ಇದ್ದದ್ದು ಇದ್ದಂಗ ಹೇಳಿದೆ. ಅವರಾಗ ಹಿರಿಯಾಕಿನ, "ಆ ಹೊತ್ತಿನ್ಯಾಗ ಶೇಂಗಾ ಚಟ್ನಿ ಕುಟ್ಟೂಣ ಬಿಡಕ್ಕಾ, ರೊಟ್ಟಿ ಒಯ್ಯಾಕ ಬಂದಾವ್ರು ಚಟ್ನಿ ಕೇಳೇ ಕೇಳ್ತಾರ" ಅಂದ್ಲು. ಈ ಸಲ ಶೇಂಗಾ, ಖಾರ, ಬಳ್ಳೊಳ್ಳಿ, ಕುಟ್ಟೋ ಕೂಲಿ ಎಲ್ಲಾ ಮೊದಲ ಬರದು, ಕೂಡಿಸಿ, ಆಮ್ಯಾಲ ರೇಟು ಹಚ್ಚಿದೆ.

ಬಂದ 40,000ದಾಗ 25,000 ಅಡತಿ ಅಂಗಡಿಗೆ ಕೊಟ್ಟು ಅವ್ರ ಕಡಿಂದನೂ ಪಾವತಿ ತಗೊಂಡೀನಿ. ಪಿಗ್ಮಿ 300 ಆಗಲಿಲ್ಲ ಕಾಕಾ, ಸದ್ಯಕ್ಕ 200 ಹಚ್ಚೀನಿ. ಫೈನಾನ್ಸ್‌ನಾಂವ ಮತ್ತ ಬಂದಿದ್ದ, ಚಾ ಕುಡಿಸಿ ಕಳಿಸಿದೆ. ಅವ್ವನ ಪಾಟ್ಲಿ ಅವ್ವನ ಕೈಯಾಗ ಅದಾವು.

ಉಳದ 15,000 ಸೆರಗಿನ್ಯಾಗ ಕಟ್ಕೊಂಡು ನಾಳೆ ನಸಿಕಿನ್ಯಾಗ ಎಪಿಎಂಸಿಗೆ ಹೊಂಟೀನಿ. ಮೂರು ಕ್ವಿಂಟಲ್ ತರ್ತೀನಿ, 48ರಂಗ ಆದ್ರ 14,400. ಕಾಳು ನೋಡಿ, ಮಾತಾಡಿ, ರೊಕ್ಕಾ ಎಣಿಸಿ ಕೊಟ್ಟು. ಕಾಕಾ, ನುಸಿ ಹತ್ತಲಾರದಂಗ ಚೀಲದಾಗ ಬೇವಿನ ತೊಪ್ಪಲಾ ಹಾಕ್ತಾರಲ್ಲ, ಹಸೀದ ಹಾಕೂದೋ ಒಣಗಿಸಿ ಹಾಕೂದೋ? ಬೆಳಗಾಗೂದ್ರಾಗ ಯಾರರ ಹೇಳ್ರಿ.